ಟ್ರಾವೆಲ್ ಕ್ರೆಡಿಟ್ ಕಾರ್ಡ್: ಕಾಸರಗೋಡಿನವರಿಗೆ ಈ ಶುಲ್ಕ ದಕ್ಕುತ್ತದೆಯೇ?

ಟ್ರಾವೆಲ್ ಕ್ರೆಡಿಟ್ ಕಾರ್ಡುಗಳ ಸವಲತ್ತುಗಳನ್ನು ಹೊಸೆದಿರುವುದು ಬೆಂಗಳೂರು, ಮುಂಬೈ, ದಿಲ್ಲಿಯಿಂದ ಹಾರುವವರನ್ನು ನೋಡಿ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಕಾಸರಗೋಡಿನವರು ವಿಮಾನ ಹತ್ತುವುದು ಮಂಗಳೂರಿನ ಬಜ್ಪೆಯಲ್ಲಿ, ಇಲ್ಲವೇ ಕಣ್ಣೂರಿನ ಮಟ್ಟನ್ನೂರಿನಲ್ಲಿ. ಹೋಗುವುದು ಹೆಚ್ಚಾಗಿ ಗಲ್ಫಿಗೆ. ಈ ಎರಡು ಸಂಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ವರ್ಷಕ್ಕೆ 5,000 ರೂ. ಶುಲ್ಕದ ಕಾರ್ಡು ಇಲ್ಲಿನ ಹೆಚ್ಚಿನ ಮನೆಗಳಿಗೆ ನಷ್ಟ. 2,500 ರೂ.ಗಳದ್ದು ಶುಲ್ಕ ಮನ್ನಾ ಆಗುವಷ್ಟು ಖರ್ಚು ಇದ್ದರೆ ಮಾತ್ರ ಲಾಭ. ಶುಲ್ಕವೇ ಇಲ್ಲದ, ಫಾರೆಕ್ಸ್ ಮಾರ್ಕಪ್ (ವಿದೇಶಿ ಹಣದ ಖರ್ಚಿಗೆ ಬ್ಯಾಂಕು ಸೇರಿಸುವ ಶುಲ್ಕ) ಹಾಕದ ಕಾರ್ಡು ಮಾತ್ರ ಎಲ್ಲರಿಗೂ ದಕ್ಕುತ್ತದೆ. ಕೆಳಗಿನ ಲೆಕ್ಕಗಳಿಗೆ 2024ರ ದರಗಳನ್ನು ಹಿಡಿದಿದೆ. ಬ್ಯಾಂಕುಗಳು ಇವನ್ನು ವರ್ಷಕ್ಕೆರಡು ಸಲ ಬದಲಿಸುವುದೂ ಇದೆ, ಹಾಗಾಗಿ ಅರ್ಜಿ ಹಾಕುವ ದಿನ ಬ್ಯಾಂಕಿನ ನಿಯಮಗಳ ಪುಟವನ್ನು ಇನ್ನೊಮ್ಮೆ ಓದಿಕೊಳ್ಳಿ.

ಜಾಹೀರಾತಿನಲ್ಲಿ ಕಾಣುವ ಶುಲ್ಕವೇ ಪೂರ್ತಿ ಶುಲ್ಕವಲ್ಲ. ಅದರ ಮೇಲೆ ಶೇ. 18 ಜಿಎಸ್‌ಟಿ ಇದೆ. 2,500 ಎಂದರೆ 2,950. 5,000 ಎಂದರೆ 5,900. 12,500 ಎಂದರೆ 14,750. ಮೊದಲ ವರ್ಷ ಸ್ವಾಗತದ ವೋಚರೋ ಪಾಯಿಂಟೋ ಕೊಟ್ಟು ಇದನ್ನು ಮರೆಸುತ್ತಾರೆ. ನಿಜವಾದ ಪರೀಕ್ಷೆ ಎರಡನೇ ವರ್ಷದ್ದು.

ಉದಾಹರಣೆಗೆ 2,500 ರೂ. ಶುಲ್ಕದ ಎಚ್‌ಡಿಎಫ್‌ಸಿ ರೆಗಾಲಿಯಾ ಗೋಲ್ಡ್ ಕಾರ್ಡನ್ನು ನೋಡಿ. ಪ್ರತಿ 150 ರೂ. ಖರ್ಚಿಗೆ 4 ಪಾಯಿಂಟ್. ಬ್ಯಾಂಕಿನ ಬುಕಿಂಗ್ ತಾಣವಾದ ಸ್ಮಾರ್ಟ್‌ಬೈಯಲ್ಲಿ ವಿಮಾನದ ಟಿಕೆಟ್ಟಿಗೆ ಬಳಸಿದರೆ ಒಂದು ಪಾಯಿಂಟ್ ಎಂದರೆ 50 ಪೈಸೆ. ಅದನ್ನೇ ಬಿಲ್ಲಿಗೆ ವಜಾ ಮಾಡಿಕೊಂಡರೆ ಬರೀ 20 ಪೈಸೆ, ಆ ಕಡೆ ಹೋಗಲೇಬೇಡಿ. ವರ್ಷಕ್ಕೆ 2 ಲಕ್ಷ ಖರ್ಚು ಮಾಡುವ ಮನೆಗೆ 5,333 ಪಾಯಿಂಟ್ ಬರುತ್ತದೆ, ಬೆಲೆ ಸುಮಾರು 2,666 ರೂ. ಕಟ್ಟಿದ ಶುಲ್ಕ 2,950. ಅಂದರೆ ವರ್ಷವಿಡೀ ಕಾರ್ಡು ಉಜ್ಜಿಯೂ ಕೈಯಿಂದ 284 ರೂ. ಹೋಯಿತು. ಖರ್ಚು 4 ಲಕ್ಷ ದಾಟಿದರೆ ಶುಲ್ಕ ಮನ್ನಾ. 5 ಲಕ್ಷಕ್ಕೆ ಮುಟ್ಟಿದರೆ 5,000 ರೂ.ಗಳ ವಿಮಾನ ವೋಚರ್ ಸಿಗುತ್ತದೆ. ಅದಕ್ಕೆ 13,333 ಪಾಯಿಂಟಿನ 6,666 ರೂ. ಸೇರಿಸಿದರೆ 11,666 ರೂ., ಖರ್ಚಿನ ಶೇ. 2.3ರಷ್ಟು. ಒಂದೇ ಕಾರ್ಡು, 2 ಲಕ್ಷದ ಮನೆಗೆ ಹೊರೆ, 5 ಲಕ್ಷದ ಮನೆಗೆ ಉಪಕಾರಿ. ತ್ರೈಮಾಸಿಕಕ್ಕೆ ಒಂದೂವರೆ ಲಕ್ಷ ಖರ್ಚಿಗೆ ಕೊಡುವ 1,500ರ ವೋಚರನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮ್ಯಾರಿಯಟ್, ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಎಂದು ಪಟ್ಟಿ ಕೊಟ್ಟರೆ ಪೆರ್ಲದವರು ಅದನ್ನು ಹಿಡಿದುಕೊಂಡು ಎಲ್ಲಿಗೆ ಹೋಗಬೇಕು?

ಈಗ ಕೇಳಬೇಕಾದ ಪ್ರಶ್ನೆ, ಕಾಸರಗೋಡಿನ ಮನೆಯೊಂದು ಕಾರ್ಡಿನ ಮೇಲೆ 5 ಲಕ್ಷ ಖರ್ಚು ಮಾಡುತ್ತದೆಯೇ ಎಂಬುದು. ಮನೆಯ ಖರ್ಚು ಅಷ್ಟು ಇರಬಹುದು, ಕಾರ್ಡಿಗೆ ಬೀಳುವುದಿಲ್ಲ. ಮೀನು, ತರಕಾರಿ, ಬೇಕರಿ, ರಿಕ್ಷಾ ಎಲ್ಲವೂ ಯುಪಿಐ. ತೋಟಕ್ಕೆ ಬೇಕಾದ ಮೈಲುತುತ್ತು, ಗೊಬ್ಬರಕ್ಕೂ ಸ್ಕ್ಯಾನ್, ಕೊನೆಗಾರನಿಗೆ ನೋಟು. ಯುಪಿಐಗೆ ಜೋಡಿಸಬಹುದಾದ್ದು ರುಪೇ ಕ್ರೆಡಿಟ್ ಕಾರ್ಡು ಮಾತ್ರ. ರಿಸರ್ವ್ ಬ್ಯಾಂಕ್ 2022ರಲ್ಲಿ ಒಪ್ಪಿಗೆ ಕೊಟ್ಟದ್ದು ಅಷ್ಟಕ್ಕೇ. ಹೆಚ್ಚಿನ ಟ್ರಾವೆಲ್ ಕಾರ್ಡುಗಳು ವೀಸಾ, ಮಾಸ್ಟರ್‌ಕಾರ್ಡ್ ಅಥವಾ ಆ್ಯಮೆಕ್ಸ್. ಅವು ಬೀದಿ ಬದಿಯ ಕ್ಯೂಆರ್ ಮುಂದೆ ಕೆಲಸಕ್ಕೆ ಬಾರವು. ಇನ್ನು ಉಳಿದ ದೊಡ್ಡ ಮೊತ್ತಗಳಲ್ಲಿ ಯಾವುದು ಎಣಿಕೆಗೆ ಬರುತ್ತದೆ ಎಂಬುದು ಕಾರ್ಡಿನಿಂದ ಕಾರ್ಡಿಗೆ ಬೇರೆ. ಬಾಡಿಗೆ, ವ್ಯಾಲೆಟ್‌ಗೆ ಹಾಕಿದ ಹಣ, ಪೆಟ್ರೋಲು ಇವಕ್ಕೆ ಸಾಮಾನ್ಯವಾಗಿ ಪಾಯಿಂಟಿಲ್ಲ. 5,000 ರೂ. ಶುಲ್ಕದ ಆ್ಯಕ್ಸಿಸ್ ಬ್ಯಾಂಕಿನ ಅಟ್ಲಾಸ್ ಕಾರ್ಡಿನಲ್ಲಿ ಚಿನ್ನ, ವಿಮೆ, ವಿದ್ಯುತ್ ಬಿಲ್ಲಿನಂಥವು ಮತ್ತು ಸರ್ಕಾರಿ ಪಾವತಿಗಳೂ ಹೊರಗೆ. ಮದುವೆ ಚಿನ್ನದ 4 ಲಕ್ಷವನ್ನು ಆ ಕಾರ್ಡಿನಲ್ಲಿ ತೆತ್ತರೆ ಒಂದು ‘ಮೈಲೂ’ (ಅದರ ಪಾಯಿಂಟಿನ ಹೆಸರು) ಬಾರದು. ಮೇಲಾಗಿ ಕಾರ್ಡೆಂದರೆ ಶೇ. 2 ಹೆಚ್ಚು ಕೇಳುವ ಅಂಗಡಿಗಳೂ ಇವೆ.

ನಮ್ಮ ಕಡೆಯವರ ಕಾರ್ಡಿಗೆ ನಿಜವಾಗಿ ತೂಕ ಕೊಡುವುದು ಎರಡು ಖರ್ಚು: ಮಂಗಳೂರು, ದೇರಳಕಟ್ಟೆಯ ಆಸ್ಪತ್ರೆ ಬಿಲ್ಲು ಮತ್ತು ಮಕ್ಕಳ ಕಾಲೇಜು ಫೀಸು. ಆಸ್ಪತ್ರೆ ಬಿಲ್ಲು ಸಾಮಾನ್ಯವಾಗಿ ಎಣಿಕೆಗೆ ಬರುತ್ತದೆ. ಫೀಸನ್ನು ಕಾಲೇಜಿನ ಕೌಂಟರಿನ ಯಂತ್ರದಲ್ಲೋ ಅವರದೇ ವೆಬ್‌ಸೈಟಿನಲ್ಲೋ ಕಟ್ಟಿ. ಮೂರನೆಯವರ ಆ್ಯಪ್ ಮೂಲಕ ಕಟ್ಟಿದರೆ ಎಚ್‌ಡಿಎಫ್‌ಸಿಯಂಥ ಬ್ಯಾಂಕುಗಳು ಶೇ. 1 ಶುಲ್ಕ ಹಾಕುತ್ತವೆ, ಪಾಯಿಂಟಿನ ಲಾಭದ ಬಹುಪಾಲು ಅಲ್ಲೇ ಕರಗುತ್ತದೆ. ಇವೆರಡೂ ಇಲ್ಲದ ವರ್ಷದಲ್ಲಿ 4 ಲಕ್ಷದ ಗೆರೆ ಮುಟ್ಟುವುದು ಕಷ್ಟ. ಗೆರೆ ಮುಟ್ಟಲೆಂದೇ ಬೇಡದ್ದನ್ನು ಕೊಂಡರಂತೂ ಲೆಕ್ಕ ತಲೆಕೆಳಗು.

ಅಟ್ಲಾಸ್ ಶುಲ್ಕಕ್ಕೆ ಮನ್ನಾ ಇಲ್ಲ, 5,900 ಕಟ್ಟಲೇಬೇಕು. 100 ರೂ.ಗೆ 2 ಎಡ್ಜ್ ಮೈಲ್. ವಿಮಾನ ಕಂಪನಿಯಲ್ಲಿ, ಹೋಟೆಲಿನಲ್ಲಿ ನೇರವಾಗಿ ತೆತ್ತರೆ 5. ವರ್ಷಕ್ಕೆ 3 ಲಕ್ಷ ಸಾಮಾನ್ಯ ಖರ್ಚಿಗೆ 6,000 ಮೈಲ್, 3 ಲಕ್ಷ ಮುಟ್ಟಿದ್ದಕ್ಕೆ ಕೊಡುವ 2,500 ಸೇರಿ 8,500. ಬ್ಯಾಂಕಿನದೇ ಟ್ರಾವೆಲ್ ಪುಟದಲ್ಲಿ ಮೈಲಿಗೆ 1 ರೂ. ಶುಲ್ಕ ಕಳೆದು ಉಳಿಯುವುದು 2,600 ರೂ. ಶುಲ್ಕವಿಲ್ಲದ, ಶೇ. 1 ಮರಳಿಸುವ ಕಾರ್ಡು ಅದೇ ಖರ್ಚಿಗೆ 3,000 ಕೊಡುತ್ತಿತ್ತು!

ಅಟ್ಲಾಸನ್ನು ಹೊಗಳುವವರು ಇಲ್ಲಿ ಬೇರೆ ವಾದ ಹೂಡುತ್ತಾರೆ. ಮೈಲುಗಳನ್ನು ವಿಮಾನ ಕಂಪನಿಗೆ ವರ್ಗಾಯಿಸಿದರೆ ಒಂದಕ್ಕೆ ಎರಡು, ಅಂದರೆ 8,500 ಮೈಲು 17,000 ಆಗುತ್ತದೆ. ಮಾತು ಸರಿ. ವರ್ಗಾವಣೆಯ ಪಟ್ಟಿಯಲ್ಲಿರುವುದು ಎತಿಹಾದ್, ಕತಾರ್, ಸಿಂಗಾಪುರ, ಟರ್ಕಿಶ್, ಏರ್ ಇಂಡಿಯಾದಂಥ ಕಂಪನಿಗಳು. ಕಣ್ಣೂರು ವಿಮಾನ ನಿಲ್ದಾಣ 2018ರ ಡಿಸೆಂಬರ್ 9ರಂದು ತೆರೆಯಿತು, ಆದರೆ ವಿದೇಶಿ ಕಂಪನಿಗಳು ಬಂದಿಳಿಯಲು ಬೇಕಾದ ‘ಪಾಯಿಂಟ್ ಆಫ್ ಕಾಲ್’ ಮಾನ್ಯತೆಗಾಗಿ ಆಮೇಲಿನ ವರ್ಷಗಳಲ್ಲೂ ಬೇಡಿಕೆ ಮುಂದುವರಿದೇ ಇತ್ತು. ಮಂಗಳೂರಿನಿಂದಲೂ ಗಲ್ಫಿಗೆ ಹಾರುವುದು ನಮ್ಮ ದೇಶದ ಕಂಪನಿಗಳೇ: ಏರ್ ಇಂಡಿಯಾ ಎಕ್ಸ್‌ಪ್ರೆಸ್ ಮತ್ತು ಇಂಡಿಗೊ. ಎತಿಹಾದ್ ಮೈಲು ಬಳಸಬೇಕಾದರೆ ಕೋಝಿಕ್ಕೋಡಿಗೋ ಕೊಚ್ಚಿಗೋ ಬೆಂಗಳೂರಿಗೋ ಹೋಗಬೇಕು. ಬಜ್ಪೆ ಒಂದೂವರೆ ಗಂಟೆಯ ದಾರಿಯಲ್ಲಿರುವಾಗ, ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು, ಪೆಟ್ಟಿಗೆಗಳನ್ನು ಹೇರಿಕೊಂಡು ಯಾರು ಕೋಝಿಕ್ಕೋಡಿನ ಕರಿಪ್ಪೂರು ನಿಲ್ದಾಣಕ್ಕೆ ಹೋಗುತ್ತಾರೆ? ಮೈಲಿನ ಟಿಕೆಟ್ಟಿಗೂ ತೆರಿಗೆ, ಸರ್ಚಾರ್ಜುಗಳನ್ನು ಕೈಯಿಂದ ಕೊಡಬೇಕು. ಒಮ್ಮೆ ವರ್ಗಾಯಿಸಿದ ಮೈಲು ಹಿಂದೆ ಬರುವುದಿಲ್ಲ, ಹಾಗಾಗಿ ಸೀಟು ಕಣ್ಣಿಗೆ ಕಾಣುವವರೆಗೆ ವರ್ಗಾಯಿಸಬೇಡಿ. ವರ್ಷಕ್ಕೊಮ್ಮೆ ಯುರೋಪಿಗೋ ಅಮೆರಿಕಕ್ಕೋ ಹೋಗುವ ಮನೆಯಾದರೆ ಮಾತೇ ಬೇರೆ. ಆ ಟಿಕೆಟ್ಟು ಹೇಗೂ ಬೆಂಗಳೂರು ಅಥವಾ ಕೊಚ್ಚಿಯಿಂದ. ಅಂಥವರಿಗೆ ಅಟ್ಲಾಸ್‌ನ ಶುಲ್ಕ ಖಂಡಿತ ದಕ್ಕುತ್ತದೆ.

ವಿಮಾನ ನಿಲ್ದಾಣದ ಲಾಂಜಿನ (ತಿಂಡಿ, ಚಹಾ ಸಿಗುವ ವಿಶ್ರಾಂತಿ ಕೋಣೆ) ಮಾತಿಗೆ ಬಂದರೆ, ಕಾರ್ಡು ಮಾರುವವರ ಬಾಯಲ್ಲಿ ಮೊದಲು ಬರುವುದೇ ಇದು. ಅದಕ್ಕೆ 1,000 ರೂ., 1,500 ರೂ. ಎಂದು ಬೆಲೆ ಕಟ್ಟುತ್ತಾರೆ. ಲಾಂಜ್ ಇಲ್ಲದಿದ್ದರೆ ನೀವು ಏನು ತಿನ್ನುತ್ತಿದ್ದಿರೋ ಅದರ ಬೆಲೆ ಮಾತ್ರ ನಿಮ್ಮ ಉಳಿತಾಯ. ದೋಸೆ, ಚಹಾಕ್ಕೆ 300–400 ರೂ. ಎಂದಿಟ್ಟುಕೊಂಡರೆ, ವರ್ಷಕ್ಕೆರಡು ಸಲ ಹೋಗಿಬರುವವರಿಗೆ ಒಂದೂವರೆ ಸಾವಿರದ ಆಚೀಚೆ.

ಅದರಲ್ಲೂ ತೊಡಕುಗಳಿವೆ. ದುಬೈಗೆ ಹೊರಟವರು ಇಮಿಗ್ರೇಶನ್ ದಾಟಿ ಅಂತಾರಾಷ್ಟ್ರೀಯ ಭಾಗಕ್ಕೆ ಹೋಗುತ್ತಾರೆ. ‘ಡೊಮೆಸ್ಟಿಕ್ ಲಾಂಜ್ ಉಚಿತ’ ಎಂದಷ್ಟೇ ಇರುವ ಕಾರ್ಡು ಅಲ್ಲಿ ಉಪಯೋಗಕ್ಕಿಲ್ಲ. ರೆಗಾಲಿಯಾ ಗೋಲ್ಡಿನಲ್ಲಿ ಭಾರತದೊಳಗಿನ 12 ಭೇಟಿಗಳು ದೇಶೀಯ, ಅಂತಾರಾಷ್ಟ್ರೀಯ ಎರಡೂ ಟರ್ಮಿನಲ್‌ಗಳಿಗೆ ಸಲ್ಲುತ್ತವೆ, ಅಲ್ಲಿ ಕ್ರೆಡಿಟ್ ಕಾರ್ಡನ್ನೇ ತೋರಿಸಬೇಕು. ಜೊತೆಗೆ ಕೊಡುವ ಪ್ರಯಾರಿಟಿ ಪಾಸ್ ವಿದೇಶದ ಲಾಂಜುಗಳಿಗೆ. ಅದನ್ನು ಭಾರತದಲ್ಲಿ ಉಜ್ಜಿದರೆ ಭೇಟಿಗೆ 27 ಡಾಲರ್, ಮೇಲೆ ಜಿಎಸ್‌ಟಿ ಬೀಳುತ್ತದೆ. ಕೌಂಟರಿನಲ್ಲಿ ಯಾವ ಕಾರ್ಡು ಕೊಡುತ್ತಿದ್ದೀರಿ ಎಂದು ನೋಡಿಯೇ ಕೊಡಿ. ಎರಡನೆಯ ತೊಡಕು ಖರ್ಚಿನ ಷರತ್ತು. ಐಸಿಐಸಿಐಯ ಹಲವು ಕಾರ್ಡುಗಳಲ್ಲಿ 2024ರ ಏಪ್ರಿಲಿನಿಂದ ಹಿಂದಿನ ತ್ರೈಮಾಸಿಕದಲ್ಲಿ 35,000 ಖರ್ಚು ಮಾಡಿರಬೇಕೆಂದಿತ್ತು, ಅದೇ ವರ್ಷದ ನವೆಂಬರಿನಲ್ಲಿ 75,000ಕ್ಕೆ ಏರಿತು. ಹಿಂದಿನ ತ್ರೈಮಾಸಿಕ ಎಂಬಲ್ಲೇ ಹೆಚ್ಚಿನವರು ಎಡವುವುದು: ಮೇ ತಿಂಗಳ ಪ್ರಯಾಣಕ್ಕೆ ಜನವರಿ–ಮಾರ್ಚಿನ ಖರ್ಚು ಬೇಕು, ಏಪ್ರಿಲಿನದ್ದು ನಡೆಯದು. ಮೂರನೆಯದಾಗಿ, ಲಾಂಜನ್ನೂ ಬ್ಯಾಂಕನ್ನೂ ಜೋಡಿಸುವ ಮಧ್ಯವರ್ತಿ ಕಂಪನಿಗಳು ಬದಲಾಗುತ್ತಿರುತ್ತವೆ. ಅತಿ ದೊಡ್ಡದಾಗಿದ್ದ ಡ್ರೀಮ್‌ಫೋಕ್ಸ್ 2025ರ ಸೆಪ್ಟೆಂಬರಿನಲ್ಲಿ ದೇಶೀಯ ಲಾಂಜ್ ಸೇವೆಯನ್ನೇ ನಿಲ್ಲಿಸಿತು. ಹೊರಡುವ ಹಿಂದಿನ ದಿನ ಬ್ಯಾಂಕಿನ ಈಗಿನ ಪಟ್ಟಿಯಲ್ಲಿ ನಿಮ್ಮ ನಿಲ್ದಾಣ ಇದೆಯೇ ಎಂದು ನೋಡಿಕೊಳ್ಳಿ. ಇಷ್ಟೆಲ್ಲ ಆದಮೇಲೂ, ತಲಪಾಡಿ–ಚೆರ್ಕಳ ನಡುವೆ ಹೆದ್ದಾರಿಯಲ್ಲಿ ಸಿಕ್ಕಿಕೊಂಡು ಕೊನೇ ಗಳಿಗೆಯಲ್ಲಿ ಮುಟ್ಟಿದವನಿಗೆ ಲಾಂಜೂ ಒಂದೇ, ಗೇಟಿನ ಕುರ್ಚಿಯೂ ಒಂದೇ.

ಗಲ್ಫಿಗೆ ಹೋಗಿಬರುವವರಿಗೆ ದುಡ್ಡು ಉಳಿಯುವ ಜಾಗ ಫಾರೆಕ್ಸ್ ಮಾರ್ಕಪ್. ಅಟ್ಲಾಸ್ ಸೇರಿದಂತೆ ಸಾಮಾನ್ಯ ಕಾರ್ಡುಗಳಲ್ಲಿ ಇದು ಶೇ. 3.5, ಜಿಎಸ್‌ಟಿ ಸೇರಿ 4.13. ದಿರ್ಹಮಿನಲ್ಲಿ 1 ಲಕ್ಷ ರೂ.ಗಳಷ್ಟು ಖರ್ಚಾದರೆ 4,130 ರೂ. ದಂಡ. ರೆಗಾಲಿಯಾ ಗೋಲ್ಡಿನಲ್ಲಿ ಶೇ. 2, ಅಂದರೆ 2,360. ಫೆಡರಲ್ ಬ್ಯಾಂಕಿನ ಸ್ಕ್ಯಾಪಿಯಾ, ಐಡಿಎಫ್‌ಸಿ ಫಸ್ಟ್ ಎಫ್‌ಡಿ ಮೇಲೆ ಕೊಡುವ ವಾವ್ ಕಾರ್ಡು, ಇವೆರಡರಲ್ಲೂ ಸೊನ್ನೆ. ವಾರ್ಷಿಕ ಶುಲ್ಕವೂ ಸೊನ್ನೆ. ಸ್ಕ್ಯಾಪಿಯಾದಲ್ಲಿ ಬರುವ ನಾಣ್ಯಗಳನ್ನು ಅವರ ಆ್ಯಪಿನಲ್ಲಿ ಪ್ರಯಾಣಕ್ಕೆ ಮಾತ್ರ ಬಳಸಬಹುದು, ಐದು ನಾಣ್ಯಕ್ಕೆ 1 ರೂ. ಅದರ ದೇಶೀಯ ಲಾಂಜ್ ಷರತ್ತು 2023ರಲ್ಲಿ ತಿಂಗಳಿಗೆ 5,000 ರೂ. ಖರ್ಚು ಎಂದಿತ್ತು, ಆಮೇಲೆ ಏರಿದೆ. ವಾವ್ ಕಾರ್ಡು ಇನ್ನೊಂದು ಕಾರಣಕ್ಕೆ ನಮ್ಮ ಕಡೆಗೆ ಹೊಂದುತ್ತದೆ: ಗಲ್ಫಿನ ಹಣದಲ್ಲಿ ನಡೆಯುವ ಮನೆಗಳಲ್ಲಿ ಸಂಬಳದ ಚೀಟಿಯೂ ಇರುವುದಿಲ್ಲ, ಐಟಿಆರ್ (ಆದಾಯ ತೆರಿಗೆಯ ಲೆಕ್ಕಪತ್ರ) ಕೂಡ ಇರುವುದಿಲ್ಲ. ಅಂಥವರ ಅರ್ಜಿ ಬೇರೆ ಕಡೆ ತಿರಸ್ಕೃತವಾಗುತ್ತದೆ, ಇಲ್ಲಿ ಠೇವಣಿಯೇ ಜಾಮೀನು.

ಮಾರ್ಕಪ್ ಸೊನ್ನೆಯಾದರೂ ಕಳೆದುಕೊಳ್ಳುವ ಒಂದು ದಾರಿ ಉಂಟು. ದುಬೈಯ ದೇರಾದ ಅಂಗಡಿಯ ಯಂತ್ರ ‘ಐಎನ್ಆರ್ ಅಥವಾ ಎಇಡಿ’ (ರೂಪಾಯಿಯೋ ದಿರ್ಹಮೋ) ಎಂದು ಕೇಳಿದಾಗ ರೂಪಾಯಿ ಒತ್ತಿದರೆ ವಿನಿಮಯ ದರವನ್ನು ಅಂಗಡಿಯ ಕಡೆಯ ಬ್ಯಾಂಕು ನಿರ್ಧರಿಸುತ್ತದೆ, ಅದು ಯಾವತ್ತೂ ದುಬಾರಿ. ಹಲವು ಬ್ಯಾಂಕುಗಳು ಅದರ ಮೇಲೆ ತಮ್ಮ ಶುಲ್ಕವನ್ನೂ ಹಾಕುತ್ತವೆ. ದಿರ್ಹಮನ್ನೇ ಒತ್ತಿ. ದುಬೈಯಿಂದ ಹಿಂದೆ ಬರುವ ಟಿಕೆಟ್ಟನ್ನು ಬೇರೆಯಾಗಿ ತೆಗೆದರೆ ಬೆಲೆ ದಿರ್ಹಮಿನಲ್ಲಿ ಬರುವುದುಂಟು, ಆಗ ಮನೆಯಲ್ಲಿ ಕುಳಿತು ಕಟ್ಟಿದರೂ ಮಾರ್ಕಪ್ ಬೀಳುತ್ತದೆ. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವ ಯೋಚನೆ ಸಾಮಾನ್ಯ ಕಾರ್ಡುಗಳಲ್ಲಿ ಬೇಡ: ಶೇ. 2.5ರ ಆಸುಪಾಸು ಶುಲ್ಕ, ಮೊದಲ ದಿನದಿಂದಲೇ ಬಡ್ಡಿ. ಬಿಲ್ಲನ್ನು ಪೂರ್ತಿ ಕಟ್ಟದೆ ಉಳಿಸಿಕೊಂಡರೆ ತಿಂಗಳಿಗೆ ಶೇ. 3.5–3.75 ಬಡ್ಡಿ. ಅಂಥವರು ಈ ಲೇಖನವನ್ನು ಇಲ್ಲಿಗೇ ಬಿಟ್ಟುಬಿಡಬಹುದು, ಯಾವ ಪಾಯಿಂಟೂ ಆ ಬಡ್ಡಿಗೆ ಸಾಟಿಯಲ್ಲ.

ರೈಲಿನವರಿಗೂ ಒಂದು ಕಾರ್ಡಿದೆ, ಐಆರ್‌ಸಿಟಿಸಿ ಎಸ್‌ಬಿಐ ಪ್ರೀಮಿಯರ್. ಶುಲ್ಕ 1,499, ತೆರಿಗೆ ಸೇರಿ 1,769. ಐಆರ್‌ಸಿಟಿಸಿಯಲ್ಲಿ ತೆಗೆದ ಎಸಿ ಮತ್ತು ಚೇರ್ ಕಾರ್ ಟಿಕೆಟ್ಟಿಗೆ ಶೇ. 10ರವರೆಗೆ ಪಾಯಿಂಟ್. ಕಾಸರಗೋಡು–ತಿರುವನಂತಪುರ ವಂದೇ ಭಾರತ್ ಚೇರ್ ಕಾರಿಗೆ 1,500 ರೂ.ಗಳ ಆಸುಪಾಸು, ಅಂದರೆ ಟಿಕೆಟ್ಟಿಗೆ 150. ಹನ್ನೆರಡು ಟಿಕೆಟ್ಟಿಗೆ ಶುಲ್ಕದ ಹಣ ಹಿಂದೆ ಬರುತ್ತದೆ. ಇಬ್ಬರು ವರ್ಷಕ್ಕೆ ಮೂರು ಸಲ ಸೆಕ್ರೆಟೇರಿಯಟ್ಟಿಗೋ ಆರ್‌ಸಿಸಿಗೋ (ಅಲ್ಲಿನ ಕ್ಯಾನ್ಸರ್ ಆಸ್ಪತ್ರೆ) ಹೋಗಿಬರುವುದಿದ್ದರೆ ಸರಿಹೋಯಿತು. ಸ್ಲೀಪರಿಗೆ, ಕೌಂಟರಿನ ಟಿಕೆಟ್ಟಿಗೆ ಈ ದರ ಇಲ್ಲ. ರೈಲ್ವೆ ಲಾಂಜ್ ಎಂಬ ಸವಲತ್ತು ಹೊಸದಿಲ್ಲಿ, ಮದುರೈಯಂಥ ನಿಲ್ದಾಣಗಳಲ್ಲಿ ಹತ್ತುವವರಿಗೆ.

ವಿಮೆಯ ಆಸೆಗೆ ಕಾರ್ಡು ಮಾಡಿಸಬೇಡಿ. ಎಸ್‌ಬಿಐ ಕಾರ್ಡ್ 2025ರಲ್ಲಿ ಹಲವು ಕಾರ್ಡುಗಳ ವಿಮಾನ ಅಪಘಾತ ವಿಮೆಯನ್ನು ತೆಗೆದುಹಾಕಿತು. ಪೆಟ್ಟಿಗೆ ಕಳೆದುಹೋದಾಗ ಪರಿಹಾರ ಕೇಳಲು ನಿಲ್ದಾಣ ಬಿಡುವ ಮೊದಲೇ ವಿಮಾನ ಕಂಪನಿಯಿಂದ ಪಿಐಆರ್ ಎಂಬ ಚೀಟಿ ಬರೆಸಿಕೊಂಡಿರಬೇಕು. ಟಿಕೆಟ್ಟು ಟ್ರಾವೆಲ್ ಏಜೆಂಟನ ಕಾರ್ಡಿನಲ್ಲಿ ಆಗಿದ್ದರೆ ನಿಮ್ಮ ಕಾರ್ಡಿನ ವಿಮೆ ಕೆಲಸ ಮಾಡದಿರಬಹುದು.

ಈಗಾಗಲೇ ಶುಲ್ಕದ ಕಾರ್ಡು ಇಟ್ಟುಕೊಂಡವರು ನವೀಕರಣದ ತಿಂಗಳಿಗೆ ಒಂದೂವರೆ ತಿಂಗಳು ಮೊದಲು ಆ್ಯಪಿನಲ್ಲಿ ವರ್ಷದ ಅರ್ಹ ಖರ್ಚು ಎಷ್ಟಾಗಿದೆ ನೋಡಲಿ. ಮನ್ನಾದ ಗೆರೆ ಹತ್ತಿರವಿದ್ದರೆ ಮುಂದಿನ ಸೆಮಿಸ್ಟರಿನ ಫೀಸನ್ನು ಈಗಲೇ ಕಟ್ಟಬಹುದು. ದೂರವಿದ್ದರೆ ಗ್ರಾಹಕ ಸೇವೆಗೆ ಕರೆ ಮಾಡಿ, ಶುಲ್ಕ ಬಿಡದಿದ್ದರೆ ಕಾರ್ಡು ಮುಚ್ಚುತ್ತೇನೆ ಎನ್ನಿ. ಕೆಲವೊಮ್ಮೆ ಬಿಡುತ್ತಾರೆ, ಇಲ್ಲವೇ ಶುಲ್ಕವಿಲ್ಲದ ಕಾರ್ಡಿಗೆ ಬದಲಿಸುತ್ತಾರೆ. ಮುಚ್ಚುವುದೇ ಆದರೆ ಮೊದಲು ಪಾಯಿಂಟ್ ಖಾಲಿ ಮಾಡಿ, ಕಾರ್ಡಿಗೆ ಕಟ್ಟಿಹಾಕಿದ ಆಟೋ ಪೇಗಳನ್ನು ಬೇರೆ ಕಡೆಗೆ ಒಯ್ಯಿರಿ, ಬಾಕಿಯನ್ನು ಪೈಸೆಯವರೆಗೆ ತೀರಿಸಿ, ಆಮೇಲೆ ಲಿಖಿತವಾಗಿ ಕೋರಿಕೆ ಕಳಿಸಿ. ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂ.ಗಳಂತೆ ಗ್ರಾಹಕರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2022ರ ನಿರ್ದೇಶನದಲ್ಲಿ ಹೇಳಿದೆ. ಶುಲ್ಕ ಏರಿಸುವುದಿದ್ದರೆ ಕನಿಷ್ಠ ಒಂದು ತಿಂಗಳ ಮುನ್ಸೂಚನೆ ಕೊಡಬೇಕೆಂದೂ ಅದರಲ್ಲಿದೆ. ಆ ಇಮೇಲ್ ಹೆಚ್ಚಾಗಿ ಪ್ರಮೋಶನ್ಸ್ ಫೋಲ್ಡರಿನಲ್ಲಿ ಬಿದ್ದಿರುತ್ತದೆ.