ನೈತಿಕ ವಿವೇಚನೆಯ ಕಾರ್ಯಾಗಾರ: ಅರ್ಧಕ್ಕೆ ನಿಂತ ಪಾಠ

ಜಯನಗರದಲ್ಲಿ ಶಿಕ್ಷಕರಿಗಾಗಿ ನಡೆದ, ನೈತಿಕ ವಿವೇಚನೆಯ ಬೆಳವಣಿಗೆಯನ್ನು ಕುರಿತ ಒಂದು ದಿನದ ಕಾರ್ಯಾಗಾರಕ್ಕೆ ಶುಲ್ಕ ತೆತ್ತು ಹೋಗಿದ್ದೆ. ಮನೋವಿಜ್ಞಾನಿ ಲಾರೆನ್ಸ್ ಕೋಲ್‌ಬರ್ಗ್, ನೈತಿಕ ವಿವೇಚನೆ ಹಂತಹಂತವಾಗಿ ಬೆಳೆಯುತ್ತದೆಂಬ ತಮ್ಮ ಸಿದ್ಧಾಂತವನ್ನು ಮೊದಲಿಗೆ ಹುಡುಗರನ್ನಷ್ಟೇ ಸಂದರ್ಶಿಸಿ ಕಟ್ಟಿದ್ದನ್ನೂ, 1982ರಲ್ಲಿ ಮನೋವಿಜ್ಞಾನಿ ಕ್ಯಾರಲ್ ಗಿಲಿಗನ್ ಅದನ್ನು ಪ್ರಶ್ನಿಸಿ, ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕೇಳಿಸುತ್ತದೆಂದು ತಾವು ಕಂಡ ಕಾಳಜಿಯ ದನಿಯನ್ನು ಮುಂದಿಟ್ಟದ್ದನ್ನೂ ಉಪನ್ಯಾಸಕಿ ಸೊಗಸಾಗಿ ವಿವರಿಸಿದರು. ಸಾಯುತ್ತಿರುವ ಹೆಂಡತಿಗಾಗಿ ಹೈನ್ಸ್ ಎಂಬಾತ ಔಷಧ ಕದಿಯಬಹುದೇ ಎಂದು ಕೋಲ್‌ಬರ್ಗ್ ಕೇಳುತ್ತಿದ್ದ ಪ್ರಸಂಗದ ಚರ್ಚೆಯಲ್ಲಿ ಊಟವೇ ಮರೆತುಹೋಯಿತು (ಊಟವೂ, ಹಾಗೆ ನೋಡಿದರೆ, ಮರೆಯುವಂಥದ್ದೇ).

ಆದರೆ ಕಥೆ ಅಲ್ಲಿಗೇ ನಿಂತಿತು. ಶಿಕ್ಷಣ, ಉದ್ಯೋಗಗಳು ಸಮನಾಗಿದ್ದಲ್ಲಿ ಕೋಲ್‌ಬರ್ಗ್‌ರ ಹಂತಗಳ ಅಂಕಗಳಲ್ಲಿ ಲಿಂಗಭೇದ ಬಹುಮಟ್ಟಿಗೆ ಕಾಣದೆಂದು 1984ರಲ್ಲಿ ಸಂಶೋಧಕ ಲಾರೆನ್ಸ್ ವಾಕರ್ ತೋರಿಸಿದ್ದಾಗಲಿ, 2000ದಲ್ಲಿ ಸಂಶೋಧಕರಾದ ಜಾಫಿ ಮತ್ತು ಹೈಡ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆಯಲ್ಲೂ ವ್ಯತ್ಯಾಸ ಚಿಕ್ಕದಾಗಿಯೇ ಕಂಡದ್ದಾಗಲಿ ಪ್ರಸ್ತಾಪಕ್ಕೆ ಬರಲೇ ಇಲ್ಲ. ‘ಹೆಣ್ಣುಮಕ್ಕಳ ನೀತಿಯೇ ಬೇರೆ’ ಎಂಬ ಹಳೆಯ ನಂಬಿಕೆಯನ್ನು ಹೊತ್ತೇ ಹಲವರು ಮೆಟ್ರೊ ಹತ್ತಿದರು. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು ಅಂಕ.