ಹಳೆಯ ಪ್ರೊಸೆಸರ್‌ಗಳ ಮೇಲೆ ಆರ್ಕ್ಟಿಕ್ ಎಂಎಕ್ಸ್-4 ಥರ್ಮಲ್ ಪೇಸ್ಟ್

ಗದಗಿನ ಮುದ್ರಣಾಲಯವೊಂದರಲ್ಲಿ ಇಂದಿಗೂ ಲಗ್ನಪತ್ರಿಕೆಗಳ ಪುಟ ಕಟ್ಟುತ್ತಿರುವ ಪೆಂಟಿಯಮ್ 4 ಎಂಬ ಹಳೆಯ ಇಂಟೆಲ್ ಪ್ರೊಸೆಸರಿನ ಗಣಕವೊಂದು ಕಳೆದ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ನನ್ನ ಮನೆಗೆ ರಿಪೇರಿಗೆ ಬಂದಿತು. ಅದರಲ್ಲಿರುವ ಕನ್ನಡ ಅಕ್ಷರ ತಂತ್ರಾಂಶ ಹಳೆಯ ಪ್ರಿಂಟರುಗಳನ್ನು ಜೋಡಿಸುತ್ತಿದ್ದ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸಿದ ಡಾಂಗಲ್ ಎಂಬ ಪರವಾನಗಿ ಕೀಲಿ ಇಲ್ಲದೆ ತೆರೆಯುವುದಿಲ್ಲ. ಆ ಪೋರ್ಟು ಈಗಿನ ಗಣಕಗಳಲ್ಲಿ ಸಿಗುವುದೇ ಅಪರೂಪವಾದ್ದರಿಂದ ಮಾಲೀಕರಿಗೆ ಈ ಯಂತ್ರವನ್ನು ಬಿಡುವಂತಿರಲಿಲ್ಲ. ಅದು ಕೆಟ್ಟು ನಿಂತಿರಲಿಲ್ಲ, ಮಧ್ಯಾಹ್ನವಾಗುತ್ತಿದ್ದಂತೆ ವಿಪರೀತ ನಿಧಾನವಾಗುತ್ತಿತ್ತು. ಪೆಂಟಿಯಮ್ 4 ಮಿತಿಮೀರಿ ಕಾದಾಗ ತನ್ನನ್ನು ಉಳಿಸಿಕೊಳ್ಳಲು ಕೆಲಸದ ಲಯ ಹಿಡಿಯುವ ಕ್ಲಾಕ್ ಬಡಿತಗಳನ್ನು ನಡುನಡುವೆ ನಿಲ್ಲಿಸುತ್ತದೆ ಎಂಬುದು ಗೊತ್ತಿದ್ದವರಿಗೆ ಕಾರಣ ಊಹಿಸುವುದು ಕಷ್ಟವಲ್ಲ.

ಪ್ರೊಸೆಸರಿನ ಶಾಖವನ್ನು ಅದರ ಮೇಲೆ ಕೂರುವ ಲೋಹದ ಕೂಲರಿಗೆ ದಾಟಿಸಲೆಂದು ಎರಡರ ನಡುವೆ ಹಿಂದೆ ಯಾರೋ ಹಚ್ಚಿದ್ದ ಅಗ್ಗದ ಬಿಳಿ ಪೇಸ್ಟು ಒಣಗಿ ಸುಣ್ಣದ ಹಕ್ಕಳೆಯಂತಾಗಿತ್ತು. ಇಂತಹ ಸ್ಥಿತಿಯಲ್ಲಿ ಕೂಲರನ್ನು ನೇರವಾಗಿ ಮೇಲಕ್ಕೆಳೆಯಬಾರದು. ಈ ಪ್ರೊಸೆಸರ್ ಕೂರುವ ಸಾಕೆಟ್ 478ರಲ್ಲಿ ಅದನ್ನು ಹಿಡಿದಿಡುವ ಸನ್ನೆಗೋಲು ಬಿಗಿಯಾಗಿದ್ದರೂ ಪ್ರೊಸೆಸರ್ ಕೂಲರಿಗೆ ಅಂಟಿಕೊಂಡು ಕಿತ್ತುಬರುತ್ತದೆ, ಪಿನ್ನುಗಳು ಬಾಗುತ್ತವೆ. ಗಣಕವನ್ನು ಹದಿನೈದು ನಿಮಿಷ ಓಡಿಸಿ, ಆರಿಸಿ, ಪ್ಲಗ್ ತೆಗೆದು, ಬಿಸಿ ಇರುವಾಗಲೇ ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಹೊರಳಿಸಿದರೆ ಹಿಡಿತ ಸಡಿಲವಾಗುತ್ತದೆ.

ಒರೆಸುವುದಕ್ಕೆ ಔಷಧ ಅಂಗಡಿಯ ಸ್ಪಿರಿಟ್ಟಿಗಿಂತ 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್ ಮೇಲು, ಏಕೆಂದರೆ ಅದರಲ್ಲಿ ನೀರಿನಂಶ ಇಲ್ಲವೆನ್ನುವಷ್ಟು ಕಡಿಮೆ. ಮೊಬೈಲ್ ರಿಪೇರಿಯ ಸಾಮಾನು ಮಾರುವ ಅಂಗಡಿಗಳಲ್ಲಿ ಐಪಿಎ ಎಂದು ಕೇಳಿದರೆ ಕೊಡುತ್ತಾರೆ. ಹಲವು ಸಲ ಒಗೆದು ಮೆತ್ತಗಾದ ಧೋತರದ ತುಂಡು ಹತ್ತಿಯ ಉಂಡೆಯಂತೆ ಎಳೆ ಬಿಡುವುದಿಲ್ಲ. ಗಟ್ಟಿ ಹಕ್ಕಳೆಯ ಮೇಲೆ ಒದ್ದೆ ಬಟ್ಟೆಯನ್ನು ಐದು ನಿಮಿಷ ಬಿಟ್ಟು, ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಎಬ್ಬಿಸಬೇಕು, ಬ್ಲೇಡು ಬೇಡ. ಐಪಿಎ ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಕಿಟಕಿ ತೆರೆದು, ಒಲೆಯಿಂದ ದೂರ ಕುಳಿತೇ ಈ ಕೆಲಸ ಮಾಡಬೇಕು.

ಬಿಳಿ ಪೇಸ್ಟಿನ ಬದಲು ಹಚ್ಚಿದ ಆರ್ಕ್ಟಿಕ್ ಎಂಎಕ್ಸ್-4ರ ಗುಣ ನನಗೆ ಸ್ಪಷ್ಟವಾಗಿ ಕಂಡದ್ದು ಪೆಂಟಿಯಮ್ 4ಕ್ಕಿಂತ ಹೆಚ್ಚಾಗಿ ನನ್ನದೇ ಸಂಗ್ರಹದಲ್ಲಿರುವ, 2000ದಲ್ಲಿ ಬಂದ ಎಎಂಡಿ ಅಥ್ಲಾನ್ ಥಂಡರ್‌ಬರ್ಡ್ ಪ್ರೊಸೆಸರ್ ಮೇಲೆ. ಅದಕ್ಕೆ ಲೋಹದ ಮುಚ್ಚಳವಿಲ್ಲ. ಸೆರಾಮಿಕ್ ಹಲಗೆಯ ನಡುವೆ ಸಿಲಿಕಾನ್ ತುಣುಕು ಬರಿದಾಗಿ ಎದ್ದು ನಿಂತಿರುತ್ತದೆ, ಪಕ್ಕದಲ್ಲೇ ಎಲ್1 ಸೇತುವೆಗಳೆಂಬ ಸಣ್ಣ ಸಂಪರ್ಕ ಬಿಂದುಗಳು ತೆರೆದಿರುತ್ತವೆ. ಅಲ್ಲಿ ವಿದ್ಯುತ್ ಹರಿಸುವ ಪೇಸ್ಟು ಸೋರಿದರೆ ಪ್ರೊಸೆಸರಿಗೇ ಅಪಾಯ. ಎಂಎಕ್ಸ್-4 ಇಂಗಾಲದ ಸೂಕ್ಷ್ಮ ಕಣಗಳಿಂದ ಮಾಡಿದ್ದು, ವಿದ್ಯುತ್ತನ್ನು ಹರಿಸುವುದಿಲ್ಲ. ಅದರ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ 8.5 ವ್ಯಾಟ್ ಎಂದು ತಯಾರಕರು ಹೇಳುತ್ತಾರೆ; ಹಳೆಯ ಚಿಪ್‌ಗಳ ಮಟ್ಟಿಗೆ ಆ ಅಂಕಿಗಿಂತ ಈ ನಿರಪಾಯ ಗುಣವೇ ದೊಡ್ಡದೆಂದು ನಾನು ನಂಬಿದ್ದೇನೆ. ಗ್ಯಾಲಿಯಮ್ ಬೆರೆತ ದ್ರವಲೋಹವನ್ನಂತೂ ಅಂದಿನ ಅಲ್ಯೂಮಿನಿಯಮ್ ಕೂಲರುಗಳ ಹತ್ತಿರವೂ ತರಬಾರದು, ಅದು ಅಲ್ಯೂಮಿನಿಯಮನ್ನೇ ತಿಂದುಹಾಕುತ್ತದೆ.

ಪ್ರಮಾಣದ ವಿಷಯದಲ್ಲಿ ಪೆಂಟಿಯಮ್ 4ರ ಮುಚ್ಚಳಕ್ಕೆ ಒಂದು ಜೋಳದ ಕಾಳಿನಷ್ಟು, ಥಂಡರ್‌ಬರ್ಡಿಗೆ ದಪ್ಪ ಸಾಸಿವೆಯಷ್ಟು ಸಾಕು. ಪೇಸ್ಟು ಮೃದುವಾಗಿರುವುದರಿಂದ ಕೂಲರಿನ ಒತ್ತಡಕ್ಕೆ ತಾನೇ ಹರಡುತ್ತದೆ. ಥಂಡರ್‌ಬರ್ಡಿನ ಕೂಲರನ್ನು ಕೂರಿಸುವಾಗ ಮಾತ್ರ ನಾಲ್ಕೂ ರಬ್ಬರ್ ಗುಂಡಿಗಳ ಮೇಲೆ ಭಾರ ಸಮನಾಗಿ ಬೀಳಬೇಕು. ಸ್ವಲ್ಪ ವಾಲಿದರೂ ಸಿಲಿಕಾನಿನ ಮೂಲೆ ಚಕ್ಕೆ ಏಳುತ್ತದೆ, ಆಮೇಲೆ ಯಾವ ಪೇಸ್ಟೂ ಅದನ್ನು ಉಳಿಸಲಾರದು. ಕೂಲರ್ ಹಾಕದೆ ಒಮ್ಮೆ ಚಾಲು ಮಾಡಿ ನೋಡೋಣ ಎಂಬ ಯೋಚನೆಯೂ ಬೇಡ, ಕೆಲವೇ ಸೆಕೆಂಡುಗಳಲ್ಲಿ ಈ ಪ್ರೊಸೆಸರ್ ಸುಟ್ಟುಹೋಗುತ್ತದೆ.

ಬಿಳಿ ಪೇಸ್ಟಿಗಿಂತ ಎಂಎಕ್ಸ್-4 ದುಬಾರಿ. ಕೆಲವೇ ವ್ಯಾಟ್ ಬಳಸುವ 486 ಎಂಬ ಇನ್ನೂ ಹಳೆಯ ಪ್ರೊಸೆಸರಿಗೆ ಇಷ್ಟು ಖರ್ಚು ಮಾಡುವ ಅಗತ್ಯ ನನಗೆ ಕಾಣುವುದಿಲ್ಲ, ಅಲ್ಲಿ ಸಾಧಾರಣ ಪೇಸ್ಟೇ ಸಾಕಾಗುತ್ತದೆ. ಆದರೆ 4 ಗ್ರಾಂ ಕೊಳವೆಯೊಂದರಲ್ಲಿ ಹತ್ತಾರು ಪ್ರೊಸೆಸರ್‌ಗಳ ಕೆಲಸ ಮುಗಿಯುತ್ತದೆ. ವರ್ಷದ ನಂತರ ಥಂಡರ್‌ಬರ್ಡಿನ ಕೂಲರ್ ಬಿಚ್ಚಿದಾಗ ಪೇಸ್ಟು ಇನ್ನೂ ಹಸಿಯಾಗಿಯೇ ಇತ್ತು, ಎರಡೇ ಒರೆಸಿಗೆ ಪೂರ್ತಿ ಬಂದಿತು.

ಮುದ್ರಣಾಲಯದ ಗಣಕ ಬಯೋಸ್ ಎಂಬ, ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆಯಲ್ಲಿ ಮೊದಲು 71 ಡಿಗ್ರಿ ತೋರಿಸುತ್ತಿತ್ತು. ಪೇಸ್ಟು ಬದಲಿಸಿ, ಫ್ಯಾನಿನ ಧೂಳು ತೆಗೆದ ಮೇಲೆ 53ಕ್ಕೆ ಇಳಿಯಿತು. ಮೇ ತಿಂಗಳ ಲಗ್ನಪತ್ರಿಕೆಗಳನ್ನೆಲ್ಲ ಅದೇ ಯಂತ್ರದಲ್ಲಿ ಮುಗಿಸಿದೆವೆಂದು ಮಾಲೀಕರು ಫೋನ್ ಮಾಡಿ ತಿಳಿಸಿದರು.