ಎ514, ಎ517, ಎ516: ನಮ್ಮ ಷೆಡ್ಡಿಗೆ ಬಂದ ಮೂರು ಬಗೆಯ ಪ್ಲೇಟುಗಳು

ಅಮೆರಿಕದ ಮಾನಕ ಸಂಸ್ಥೆ ಎಎಸ್‌ಟಿಎಂನ ಎ514 ಮತ್ತು ಎ517 ದರ್ಜೆಯ ಮಿಶ್ರಲೋಹ ಉಕ್ಕಿನ ಪ್ಲೇಟುಗಳನ್ನು ಅಕ್ಕಪಕ್ಕ ಮಲಗಿಸಿದರೆ ಅನುಭವಿ ವೆಲ್ಡರಿಗೂ ವ್ಯತ್ಯಾಸ ಕಾಣುವುದಿಲ್ಲ. ಎರಡೂ ಕೆಂಪಗೆ ಕಾಯಿಸಿ, ತಣಿಸಿ, ಮತ್ತೆ ಕಾಯಿಸಿ ಹದಕ್ಕೆ ತಂದ ಉಕ್ಕುಗಳು; 65 ಮಿ.ಮೀ. ದಪ್ಪದವರೆಗೆ ಎರಡರ ಕನಿಷ್ಠ ಯೀಲ್ಡ್ ಬಲವೂ (ಉಕ್ಕು ಶಾಶ್ವತವಾಗಿ ರೂಪಗೆಡಲು ಶುರುವಾಗುವ ಮಿತಿ) 690 ಮೆಗಾಪಾಸ್ಕಲ್. ಆದರೆ ಮೊದಲನೆಯದು ಕಟ್ಟಡ, ಸೇತುವೆ, ಯಂತ್ರದ ಚೌಕಟ್ಟುಗಳಿಗೆ. ಎರಡನೆಯದು ಒತ್ತಡದ ಪಾತ್ರೆಗಳಿಗೆ. ಪೀಣ್ಯದ ನಮ್ಮ ಫ್ಯಾಬ್ರಿಕೇಷನ್ ಷೆಡ್ಡಿನಲ್ಲಿ ಇವೆರಡನ್ನೂ, ಜೊತೆಗೆ ಒತ್ತಡದ ಪಾತ್ರೆಗಳಿಗೇ ಬಳಸುವ, ಹಳೆಯ ಪರಿಚಯದ ಸಾದಾ ಇಂಗಾಲದ ಉಕ್ಕು ಎ516 ಗ್ರೇಡ್ 70 ಅನ್ನೂ ಬಳಸಿದ ಅನುಭವದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನಾವು ಎ517 ಕೇಳಿದ್ದಾಗ ಒಬ್ಬ ವ್ಯಾಪಾರಿ ಎ514 ಕಳುಹಿಸಿ, "ಎರಡೂ ಒಂದೇ ಸಾರ್, ಕೆಮಿಸ್ಟ್ರಿ ನೋಡಿ" ಎಂದರು. ಕೆಮಿಸ್ಟ್ರಿ ಬಹುಮಟ್ಟಿಗೆ ಒಂದೇ ಎಂಬುದು ನಿಜ. ಆದರೆ ಟೆಸ್ಟ್ ಸರ್ಟಿಫಿಕೇಟಿನಲ್ಲಿ ಇಂಪ್ಯಾಕ್ಟ್ ಪರೀಕ್ಷೆಯ ಕಾಲಂನಲ್ಲಿ ಬರೀ ಅಡ್ಡಗೆರೆ ಇತ್ತು. ಎ517ರಲ್ಲಿ ಈ ಪರೀಕ್ಷೆ, ಅಂದರೆ ಕಚ್ಚು ಮಾಡಿದ ತುಂಡನ್ನು ಲೋಲಕದ ಪೆಟ್ಟಿನಿಂದ ಮುರಿದು ನೋಡುವ ಚಾರ್ಪಿ ಪರೀಕ್ಷೆ, ಕಡ್ಡಾಯ. ಪ್ಲೇಟಿನ ಅಡ್ಡ ದಿಕ್ಕಿನಲ್ಲಿ ತೆಗೆದ ತುಂಡು ಮುರಿಯುವಾಗ ಕನಿಷ್ಠ 0.38 ಮಿ.ಮೀ. ಅಗಲವಾಗಬೇಕು; ಉಕ್ಕು ಗಾಜಿನಂತೆ ಒಡೆಯುವುದಿಲ್ಲ ಎಂಬುದಕ್ಕೆ ಅದೇ ಗುರುತು. ಎ514ರಲ್ಲಿ ಅದನ್ನು ಕೊಳ್ಳುವವರು ಬೇರೆಯಾಗಿ ಕೇಳಿದರೆ ಮಾತ್ರ ಮಾಡುತ್ತಾರೆ. ಆ ಲಾರಿಯನ್ನು ಹಿಂದಕ್ಕೆ ಕಳುಹಿಸಿದೆವು, ಬಾಡಿಗೆ ನಮ್ಮ ತಲೆಗೇ ಬಂತು.

ಹಾಗಾದರೆ ಒತ್ತಡದ ಪಾತ್ರೆಗೆಲ್ಲ ಎ517 ಕೊಳ್ಳಬೇಕೇ? ನನ್ನ ಉತ್ತರ ಬಹುತೇಕ ಬೇಡ ಎಂಬುದೇ. ಎ516 ಗ್ರೇಡ್ 70ರ ಯೀಲ್ಡ್ 260 ಮೆಗಾಪಾಸ್ಕಲ್ ಆದ್ದರಿಂದ ಎ517 ಎರಡೂವರೆ ಪಟ್ಟಿಗಿಂತ ಹೆಚ್ಚು ಗಟ್ಟಿ ಎಂದು ಗ್ರಾಹಕರು ಲೆಕ್ಕ ಹಾಕಿಕೊಂಡು ಬರುತ್ತಾರೆ. ಆದರೆ ಒತ್ತಡದ ಪಾತ್ರೆಗಳ ವಿನ್ಯಾಸಕ್ಕೆ ಅನುಸರಿಸುವ ಅಮೆರಿಕದ ಎಎಸ್‌ಎಂಇ ಸಂಹಿತೆಯ ಎಂಟನೆಯ ವಿಭಾಗದ ಮೊದಲ ಭಾಗವು ಯೀಲ್ಡನ್ನಷ್ಟೇ ನೋಡದೆ, ಎಳೆತದ ಬಲವನ್ನು (ಎಳೆದಾಗ ತುಂಡಾಗುವ ಮುನ್ನ ತಾಳುವ ಗರಿಷ್ಠ ಮಿತಿ) 3.5ರಿಂದ ಭಾಗಿಸಿ ಬಂದದ್ದನ್ನೂ ಮಿತಿಯಾಗಿ ಇಡುತ್ತದೆ. ಎ516ಕ್ಕೆ ಅದು ಸುಮಾರು 138 ಮೆಗಾಪಾಸ್ಕಲ್, ಎ517ಕ್ಕೆ ಸುಮಾರು 227. ಅಂದರೆ ಕೈಗೆ ಸಿಗುವ ಲಾಭ 1.6 ಪಟ್ಟು ಮಾತ್ರ. ಒಳವ್ಯಾಸ 2 ಮೀಟರ್, ಒತ್ತಡ 17 ಬಾರ್ ಇರುವ ಸಿಲಿಂಡರಿಗೆ, ಬೆಸುಗೆಯನ್ನೆಲ್ಲ ಎಕ್ಸ್‌-ರೇಯಂತೆ ರೇಡಿಯಾಗ್ರಫಿ ಮಾಡಿ ನೋಡಿದ ಜೋಡಣೆ ಎಂದು ಹಿಡಿದು, ತುಕ್ಕಿಗೆಂದು ಸೇರಿಸುವ ಹೆಚ್ಚುವರಿ ದಪ್ಪ ಬಿಟ್ಟರೆ, ಎ516ರಲ್ಲಿ ಸುಮಾರು 12.4 ಮಿ.ಮೀ., ಎ517ರಲ್ಲಿ 7.5 ಮಿ.ಮೀ. ಗೋಡೆ ಬೇಕಾಗುತ್ತದೆ. ರಸ್ತೆಯ ಮೇಲೆ ಓಡುವ ಟ್ಯಾಂಕರಿಗೆ ಈ ಉಳಿತಾಯ ಬಂಗಾರ, ಏಕೆಂದರೆ ತೂಕ ಇಳಿದಷ್ಟೂ ಸರಕು ಏರುತ್ತದೆ. ನಿಂತಲ್ಲೇ ನಿಲ್ಲುವ ಏರ್ ರಿಸೀವರಿಗೆ (ಒತ್ತಿದ ಗಾಳಿ ತುಂಬಿಡುವ ಟ್ಯಾಂಕಿಗೆ) ಎ516 ಸಾಕು. ಟ್ಯಾಂಕರಿನಲ್ಲೂ ಷರತ್ತುಗಳಿವೆ: ಇಂತಹ ಹದಗೊಳಿಸಿದ ಉಕ್ಕಿನ ಟ್ಯಾಂಕಿನಲ್ಲಿ ನಿರ್ಜಲ ಅಮೋನಿಯಾ ಸಾಗಿಸುವಾಗ ಅದರಲ್ಲಿ ತೂಕದ ಶೇ. 0.2ರಷ್ಟಾದರೂ ನೀರು ಇರಬೇಕೆಂದು ಅಮೆರಿಕದ ಸಾರಿಗೆ ನಿಯಮ ಹೇಳುತ್ತದೆ. ಇಲ್ಲವಾದರೆ ಉಕ್ಕು ಒಳಗಿನಿಂದ ಬಿರಿಯುವ ಅಪಾಯವಿದೆ.

ಚೌಕಟ್ಟಿನ ಕೆಲಸದಲ್ಲಿ ಎ514 ನನಗೆ ಮೆಚ್ಚುಗೆಯಾದದ್ದು ಟ್ರೇಲರಿನ ಚಾಸಿಯಲ್ಲಿ. ಕ್ರೇನ್ ಓಡುವ ಗ್ಯಾಂಟ್ರಿ ಗರ್ಡರಿಗೆ ಅದನ್ನೇ ಕೇಳಿದವರಿಗೆ ಬೇಡವೆಂದೆ. ಗರ್ಡರಿನ ಅಳತೆಯನ್ನು ಅಲ್ಲಿ ನಿರ್ಧರಿಸುತ್ತಿದ್ದುದು ಬಾಗು, ಮತ್ತು ಬಾಗುವ ವಿಷಯದಲ್ಲಿ ಎ514ಗೂ ನಮ್ಮ ಭಾರತೀಯ ಮಾನಕ ಐಎಸ್ 2062ರ ಸಾಮಾನ್ಯ ಕಟ್ಟಡದ ಉಕ್ಕು ಇ350ಗೂ ಭೇದವಿಲ್ಲ. ಭಾರಕ್ಕೆ ಎಷ್ಟು ಬಾಗುತ್ತದೆ ಎಂಬುದನ್ನು ನಿರ್ಧರಿಸುವ ಸ್ಥಿತಿಸ್ಥಾಪಕ ಗುಣಾಂಕ ಯಾವ ಉಕ್ಕಿನದೂ ಸುಮಾರು 200 ಗಿಗಾಪಾಸ್ಕಲ್. ಪದೇಪದೇ ಭಾರ ಏರಿ ಇಳಿಯುವ ಬೆಸುಗೆಯ ಬಾಳಿಕೆಯೂ ಪ್ಲೇಟಿನ ಬಲದ ಜೊತೆ ಹೆಚ್ಚುವುದಿಲ್ಲ. (ಗಟ್ಟಿ ಪ್ಲೇಟು ಎಂದರೆ ಹಾರ್ಡಾಕ್ಸ್ ಎಂದುಕೊಂಡು ಬರುವವರೂ ಇದ್ದಾರೆ, ಅದು ಸವೆತ ತಡೆಯುವ ಪ್ಲೇಟು, ಟಿಪ್ಪರಿನ ತಳಕ್ಕೆ ಸರಿ.)

ಎ514ರ ನಿಜವಾದ ಬೆಲೆ ತಿಳಿಯುವುದು ಬೆಸುಗೆಯಲ್ಲಿ. ಒಣಗಿಸಿಡುವ ಓವನ್ನಿನಿಂದ ತೆಗೆದ ಲೋ ಹೈಡ್ರೋಜನ್ ಬೆಸುಗೆ ರಾಡನ್ನು ತೇವದ ಗಾಳಿಯಲ್ಲಿ ಬಿಟ್ಟು ನಮ್ಮ ಹುಡುಗರು ಊಟಕ್ಕೆ ಹೋಗಿಬಂದು ಅದರಲ್ಲೇ ಬೆಸುಗೆ ಹಾಕಿದ್ದರು. ಸಂಜೆಯ ಡಿಪಿ ಟೆಸ್ಟಿನಲ್ಲಿ (ಬಿರುಕಿಗೆ ಕೆಂಪು ಬಣ್ಣ ಇಳಿಸಿ, ಬಿಳಿಯ ಡೆವಲಪರ್ ಹಚ್ಚಿ ನೋಡುವ ಪರೀಕ್ಷೆ) ಏನೂ ಕಾಣಲಿಲ್ಲ. ಮೂರನೆಯ ದಿನ ಬಿಳಿಯ ಡೆವಲಪರಿನ ಮೇಲೆ ಬೆಸುಗೆಯ ಅಂಚಿಗುಂಟ ಕೂದಲೆಳೆಯಷ್ಟು ಕೆಂಪು ಗೆರೆ ಮೂಡಿತು. ರಾಡಿನ ತೇವದಿಂದ ಬೆಸುಗೆಗೆ ಸೇರಿದ ಹೈಡ್ರೋಜನ್ ತಡವಾಗಿ ಬಿರುಕು ತರುತ್ತದೆ. ಈ ಉಕ್ಕಿನ ಬೆಸುಗೆಯನ್ನು 48 ಗಂಟೆ ಕಳೆದ ಮೇಲೆ ಪರೀಕ್ಷಿಸಬೇಕೆಂದು ಅಮೆರಿಕದ ಬೆಸುಗೆ ಸಂಹಿತೆ ಎಡಬ್ಲ್ಯುಎಸ್ ಡಿ1.1 ಹೇಳುವುದು ಇದಕ್ಕಾಗಿಯೇ. 1973ರಲ್ಲಿ ತೆರೆದ, ಅಮೆರಿಕದ ಮೆಂಫಿಸ್ಸಿನ ಹೆರ್ನಾಂಡೊ ಡಿ ಸೋಟೊ ಸೇತುವೆಯಲ್ಲಿ 2021ರ ಮೇ ತಿಂಗಳಿನಲ್ಲಿ ಟಿ-1 ಉಕ್ಕಿನ ತೊಲೆಯೊಂದು ಬಿರಿದದ್ದು ಕಂಡು ಸಂಚಾರ ನಿಲ್ಲಿಸಿದರು. ಟಿ-1 ಇದೇ ಎ514 ಕುಟುಂಬದ್ದು. ಬಿರುಕಿನ ಬೇರು ತಯಾರಿಕೆಯ ಕಾಲದ ಬೆಸುಗೆಯಲ್ಲಿ ಹೈಡ್ರೋಜನ್ನಿನಿಂದ ಉಂಟಾದ ದೋಷದಲ್ಲಿತ್ತು.

ಗ್ಯಾಸ್ ಟಾರ್ಚಿನಿಂದ ಕಾಯಿಸಿ ಬಗ್ಗಿಸುವ ಅಭ್ಯಾಸವಿದ್ದವರು ಇದನ್ನು ಕೊಳ್ಳದಿರುವುದೇ ಲೇಸು. ಟೆಂಪರಿಂಗಿನ 620 ಡಿಗ್ರಿ ದಾಟಿದರೆ ಕಾಸು ಕೊಟ್ಟು ತಂದ ಹದವೇ ಹೋಗುತ್ತದೆ. ನಮ್ಮ ಅಂಗಳದಲ್ಲಿ ಈಗ ಎ514ರ ಎರಡು ಪ್ಲೇಟುಗಳು ಮುಂದಿನ ಟ್ರೇಲರಿಗಾಗಿ ಕಾದಿವೆ; ಯಾರೂ ತಪ್ಪಿ ರಿಸೀವರಿನ ಕೆಲಸಕ್ಕೆ ಎಳೆದುಕೊಳ್ಳದಿರಲೆಂದು ನಾಲ್ಕೂ ಅಂಚಿಗೆ ಹಳದಿ ಬಣ್ಣ ಬಳಿದು, ಹೀಟ್ ನಂಬರನ್ನು (ಉಕ್ಕು ಕರಗಿಸಿದ ತಂಡದ ಗುರುತು ಸಂಖ್ಯೆ) ಎರಡೂ ತುದಿಯಲ್ಲಿ ದೊಡ್ಡದಾಗಿ ಬರೆಸಿಟ್ಟಿದ್ದೇನೆ.